ಹೊಸ ಕಾಲೇಜು, ಒಟ್ಟಿಗೆ ಆರು ಹೊಸ ಡಿಗ್ರಿ: ಮಗಳನ್ನು ಸೇರಿಸಬಹುದಾ?

ಪ್ರಶ್ನೆ: ಮೇಡಂ, ನಾವು ಲಗ್ಗೆರೆಯವರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಯಜಮಾನರು ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಾರೆ. ಮಗಳು ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದಳು, 81 ಪರ್ಸೆಂಟ್. ನೀಟ್‌ನಲ್ಲಿ ಸೀಟು ಸಿಗುವಷ್ಟು ಬರಲಿಲ್ಲ. ಅವಳಿಗೆ ಸ್ಕ್ಯಾನಿಂಗ್ ಕೋರ್ಸ್ ಮಾಡುವ ಆಸೆ. ಯಲಹಂಕದ ಆಚೆ ಒಂದು ಹೆಲ್ತ್ ಸೈನ್ಸಸ್ ಕಾಲೇಜು ಶುರುವಾಗಿ ಎರಡು ವರ್ಷ ಆಗಿದೆ. ಅಲ್ಲಿ ನರ್ಸಿಂಗ್, ಫಿಸಿಯೋಥೆರಪಿ ಮಾತ್ರ ಇದ್ದವು. ಈ ವರ್ಷ ಇಮೇಜಿಂಗ್, ಡಯಾಲಿಸಿಸ್, ಲ್ಯಾಬ್, ಅನಸ್ತೇಶಿಯಾ ಅಂತ ಒಟ್ಟಿಗೆ ಆರು ಡಿಗ್ರಿ ಶುರು ಮಾಡುತ್ತಿದ್ದಾರೆ. ವರ್ಷಕ್ಕೆ ಒಂದೂವರೆ ಲಕ್ಷ ಫೀಸು. 25 ಸಾವಿರ ಕಟ್ಟಿ ಸೀಟು ಹಿಡಿದುಕೊಳ್ಳಿ ಎಂದು ದಿನಾ ಫೋನ್ ಬರುತ್ತಿದೆ. ನಮ್ಮ ಭಾವ ಹೊಸ ಕಾಲೇಜೆಲ್ಲ ಮೋಸ, ನ್ಯಾಕ್ ಕೂಡ ಇಲ್ಲ ಅನ್ನುತ್ತಾರೆ. ನಮ್ಮತ್ತೆ, ಹೆಣ್ಣುಮಗು ರೇಡಿಯೇಶನ್ ಹತ್ತಿರ ಹೋಗಬಾರದು, ಮುಂದೆ ಮಕ್ಕಳಾಗಲ್ಲ ಅನ್ನುತ್ತಾರೆ. ಒಂದು ವರ್ಷ ಕಾದು ಮತ್ತೆ ನೀಟ್ ಬರೆಸಲಾ? ಡಿಪ್ಲೊಮಾ ಸಾಕಾ? ದಯವಿಟ್ಟು ಹೇಳಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇದರೊಳಗೆ ನಾಲ್ಕು ಬೇರೆ ಬೇರೆ ಭಯಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಡಿಗ್ರಿಗೆ ಬೆಲೆ ಇರುತ್ತದಾ, ಮಗಳ ಆರೋಗ್ಯಕ್ಕೆ ತೊಂದರೆಯಾ, ಕೆಲಸ ಸಿಗುತ್ತದಾ, ಕಟ್ಟಿದ ದುಡ್ಡು ಹೋಗುತ್ತದಾ. ಒಂದೊಂದನ್ನೇ ಬಿಡಿಸೋಣ. ನಾನು ಆಸ್ಪತ್ರೆಯ ಎಕ್ಸ್-ರೇ ಮತ್ತು ಸಿಟಿ ಸ್ಕ್ಯಾನ್ ವಿಭಾಗದಲ್ಲಿ ಕೆಲಸ ಮಾಡಿ, ಆಮೇಲೆ ಇದೇ ಕೋರ್ಸಿನ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದವಳು. ಕಂಡದ್ದನ್ನೇ ಹೇಳುತ್ತೇನೆ.

ಅತ್ತೆಯವರ ಮಾತಿನಿಂದ ಶುರು ಮಾಡುತ್ತೇನೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಈ ಕೋರ್ಸ್ ಬಿಡುವುದು ಇದೊಂದೇ ಕಾರಣಕ್ಕೆ. ಎಕ್ಸ್-ರೇ ಎನ್ನುವುದು ಬಲ್ಬಿನ ಬೆಳಕಿನ ಹಾಗೆ. ಬಟನ್ ಒತ್ತಿದ ಆ ಕ್ಷಣ ಇರುತ್ತದೆ, ಆಮೇಲೆ ಇರುವುದಿಲ್ಲ. ಕೋಣೆಯಲ್ಲಿ ಉಳಿಯುವುದಿಲ್ಲ, ಬಟ್ಟೆಗೆ ಅಂಟುವುದಿಲ್ಲ. ಬಟನ್ ಒತ್ತುವಾಗ ಟೆಕ್ನಾಲಜಿಸ್ಟ್ ಸೀಸದ ರಕ್ಷಣೆ ಇರುವ ಗೋಡೆ ಅಥವಾ ಗಾಜಿನ ಹಿಂದೆ ಇರುತ್ತಾರೆ. ಎಂಆರ್‌ಐನಲ್ಲಂತೂ ಎಕ್ಸ್-ರೇ ಇಲ್ಲವೇ ಇಲ್ಲ, ಅದು ಅಯಸ್ಕಾಂತ ಮತ್ತು ರೇಡಿಯೋ ಅಲೆಗಳ ಕೆಲಸ.

ನಮ್ಮ ದೇಶದಲ್ಲಿ ಇದನ್ನು ನೋಡಿಕೊಳ್ಳುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ರೇಡಿಯೇಶನ್ ಜೊತೆ ಕೆಲಸ ಮಾಡುವವರ ಮೈಗೆ 5 ವರ್ಷಗಳ ಸರಾಸರಿ ಲೆಕ್ಕದಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್‌ಗಿಂತ (ಮೈಗೆ ತಾಗಿದ ರೇಡಿಯೇಶನ್ ಅಳೆಯುವ ಮಾನ) ಜಾಸ್ತಿ ತಾಗಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು ಎಂದು ಅದು ಮಿತಿ ಹಾಕಿದೆ. ಹೋಲಿಕೆಗೆ ಹೇಳುವುದಾದರೆ, ಮಣ್ಣು, ಗಾಳಿ, ಆಕಾಶದಿಂದ ಮನುಷ್ಯರೆಲ್ಲರಿಗೂ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ತಾಗುತ್ತಲೇ ಇರುತ್ತದೆ. ಸರಿಯಾದ ವಿಭಾಗದಲ್ಲಿ ಕೆಲಸ ಮಾಡಿದ ನನಗೂ ನನ್ನ ಜೊತೆಯವರಿಗೂ ಬರುತ್ತಿದ್ದ ರಿಪೋರ್ಟ್ ಆ ಮಿತಿಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಎಂಬ ಪುಟ್ಟ ಬಿಲ್ಲೆ ಹಾಕಿಕೊಳ್ಳುತ್ತೇವೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಎಷ್ಟು ತಾಗಿದೆ ಎಂದು ನೋಡುತ್ತಾರೆ. ಗರ್ಭಿಣಿ ಎಂದು ತಿಳಿಸಿದ ಕೂಡಲೇ ನಿಯಮ ಇನ್ನೂ ಬಿಗಿ. ಆಮೇಲೆ ಹೊಟ್ಟೆಯಲ್ಲಿರುವ ಮಗುವಿಗೆ 1 ಮಿಲಿಸೀವರ್ಟ್ ಮಾತ್ರ ಮಿತಿ. ನನ್ನ ಜೊತೆ ಕೆಲಸ ಮಾಡಿದ ಎಷ್ಟೋ ಹೆಣ್ಣುಮಕ್ಕಳು ಆ ತಿಂಗಳುಗಳಲ್ಲಿ ಎಂಆರ್‌ಐ ಅಥವಾ ರಿಪೋರ್ಟ್ ಕೌಂಟರ್ ಕಡೆ ಹೋಗಿ, ಹೆರಿಗೆ ಆದ ಮೇಲೆ ವಾಪಸ್ ಬಂದಿದ್ದಾರೆ. ಅವರ ಮಕ್ಕಳೂ ಚೆನ್ನಾಗಿದ್ದಾರೆ, ಅವರೂ ಚೆನ್ನಾಗಿದ್ದಾರೆ.

ಹಾಗಂತ ಅತ್ತೆಯವರ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ನಿಯಮ ಪಾಲಿಸದ ಕಡೆ ಅಪಾಯ ಇದ್ದೇ ಇದೆ. ಮಕ್ಕಳಿಗೆ ಬ್ಯಾಡ್ಜ್ ಕೊಡದ, ಅಲುಗಾಡುವ ರೋಗಿಯನ್ನು ಹಿಡಿದುಕೊಳ್ಳಲು ವಿದ್ಯಾರ್ಥಿಯನ್ನೇ ಒಳಗೆ ನಿಲ್ಲಿಸುವ ಜಾಗಗಳನ್ನು ನಾನು ನೋಡಿದ್ದೇನೆ. ಹಾಗಾಗಿ ಕಾಲೇಜಿನಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ವಿದ್ಯಾರ್ಥಿಗಳಿಗೆ ಅವರವರ ಹೆಸರಿನಲ್ಲೇ ಟಿಎಲ್‌ಡಿ ಬ್ಯಾಡ್ಜ್ ಕೊಡುತ್ತೀರಾ? ಎದುರಿಗೆ ಕೂತವರಿಗೆ ಈ ಹೆಸರೇ ಗೊತ್ತಿಲ್ಲದಿದ್ದರೆ ಅದೂ ಒಂದು ಉತ್ತರವೇ.

ಸ್ಕ್ಯಾನಿಂಗ್ ಎಂಬ ಪದದ ಬಗ್ಗೆಯೂ ಮಗಳ ಹತ್ತಿರ ಒಮ್ಮೆ ಮಾತಾಡಿ. ನಮ್ಮಲ್ಲಿ ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಮಾಡುವ ಹೊಟ್ಟೆ ಸ್ಕ್ಯಾನ್ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಆ ಕೆಲಸ ಈ ಡಿಗ್ರಿಯವರದ್ದಲ್ಲ. ಹೆಣ್ಣುಭ್ರೂಣ ಹತ್ಯೆ ತಡೆಯಲು ತಂದ 1994ರ ಕಾಯ್ದೆಯ ಪ್ರಕಾರ ಅದನ್ನು ಅರ್ಹತೆ ಇರುವ ನೋಂದಾಯಿತ ವೈದ್ಯರೇ ಮಾಡಬೇಕು. ಬಿಎಸ್ಸಿ ಇಮೇಜಿಂಗ್ ಓದಿದವರು ಎಕ್ಸ್-ರೇ, ಸಿಟಿ, ಎಂಆರ್‌ಐ, ಮ್ಯಾಮೊಗ್ರಫಿ (ಸ್ತನದ ಎಕ್ಸ್-ರೇ), ಕ್ಯಾತ್‌ಲ್ಯಾಬ್ (ಹೃದಯದ ರಕ್ತನಾಳ ನೋಡುವ ಕೋಣೆ) ಕಡೆ ಕೆಲಸ ಮಾಡುತ್ತಾರೆ. ಚಿತ್ರ ತೆಗೆಯುವುದು ಇವರು, ಓದಿ ರಿಪೋರ್ಟ್‌ಗೆ ಸಹಿ ಹಾಕುವುದು ರೇಡಿಯಾಲಜಿಸ್ಟ್ ಡಾಕ್ಟರು. ಇದು ಗೊತ್ತಿಲ್ಲದೆ ಸೇರಿ ಎರಡನೇ ವರ್ಷದಲ್ಲಿ ಅತ್ತ ಮಕ್ಕಳಿದ್ದಾರೆ. ಗೊತ್ತಿದ್ದೂ ಇಷ್ಟಪಟ್ಟು ಬಂದವರು ಮಾತ್ರ ಕೆಲಸದಲ್ಲಿ ಖುಷಿಯಾಗಿದ್ದಾರೆ.

ಈಗ ಭಾವನವರ ಮಾತು. ಹೊಸ ಕಾಲೇಜೆಲ್ಲ ಮೋಸ ಅನ್ನುವುದು ತಪ್ಪು. ನ್ಯಾಕ್ ಇಲ್ಲ ಎಂಬುದನ್ನು ದೂರು ಎಂದುಕೊಳ್ಳುವುದೂ ತಪ್ಪು. ನ್ಯಾಕ್ ಎಂದರೆ ಕಾಲೇಜುಗಳ ಗುಣಮಟ್ಟ ಅಳೆದು ದರ್ಜೆ ಕೊಡುವ ಸಂಸ್ಥೆ. ನಾಗರಬಾವಿಯಲ್ಲಿ ಕಚೇರಿ ಇರುವ ಆ ಸಂಸ್ಥೆ, ಎರಡು ಬ್ಯಾಚ್ ಓದಿ ಹೊರಗೆ ಹೋಗಿರಬೇಕು ಅಥವಾ ಕಾಲೇಜು ಶುರುವಾಗಿ 6 ವರ್ಷ ಆಗಿರಬೇಕು ಎಂಬ ನಿಯಮ ಇಟ್ಟುಕೊಂಡು ಬಂದಿದೆ. ಎರಡು ವರ್ಷದ ಕಾಲೇಜಿಗೆ ನ್ಯಾಕ್ ಇಲ್ಲದಿರುವುದು ಸಹಜ. ಇದೆ ಎಂದು ಅವರು ಹೇಳಿದರೆ ಆಗ ಅನುಮಾನ ಪಡಿ.

ನೋಡಬೇಕಾದ ಕಾಗದವೇ ಬೇರೆ. ಆ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದಾ ಅಥವಾ ಯಾವುದಾದರೂ ಖಾಸಗಿ ವಿಶ್ವವಿದ್ಯಾಲಯದ ಒಂದು ಭಾಗವಾ ಎಂದು ಮೊದಲು ಕೇಳಿ. ಜಯನಗರದಲ್ಲಿರುವ ರಾಜೀವ್ ಗಾಂಧಿ ವಿ.ವಿ. 1996ರಲ್ಲಿ ಶುರುವಾಯಿತು. ರಾಜ್ಯದಲ್ಲಿ ವೈದ್ಯಕೀಯ, ನರ್ಸಿಂಗ್, ಅಲೈಡ್ ಹೆಲ್ತ್ (ಎಕ್ಸ್-ರೇ, ಡಯಾಲಿಸಿಸ್, ಲ್ಯಾಬ್‌ನಂಥ ಕೋರ್ಸುಗಳ) ಕಾಲೇಜುಗಳಿಗೆ ಅಫಿಲಿಯೇಶನ್, ಅಂದರೆ ಕೋರ್ಸ್ ನಡೆಸಲು ವಿಶ್ವವಿದ್ಯಾಲಯದ ಮಾನ್ಯತೆ, ಕೊಡುವುದು ಅದೇ. ಈ ಅಫಿಲಿಯೇಶನ್ ಕಾಲೇಜಿಗೆ ಒಟ್ಟಾರೆಯಾಗಿ ಸಿಗುವ ಮುದ್ರೆ ಅಲ್ಲ. ಯಾವ ಕೋರ್ಸಿಗೆ, ಯಾವ ವರ್ಷಕ್ಕೆ, ಎಷ್ಟು ಸೀಟಿಗೆ ಎಂದು ಬಿಡಿಸಿ ಕೊಟ್ಟಿರುತ್ತಾರೆ. ನರ್ಸಿಂಗ್‌ಗೆ ಇದೆ ಎಂದ ಮಾತ್ರಕ್ಕೆ ಇಮೇಜಿಂಗ್‌ಗೂ ಇದೆ ಎಂದು ಅರ್ಥ ಅಲ್ಲ. ಪ್ರಾಸ್ಪೆಕ್ಟಸ್‌ನಲ್ಲಿ ಸಣ್ಣ ಅಕ್ಷರದಲ್ಲಿ ‘ಅನುಮೋದನೆಗೆ ಒಳಪಟ್ಟು’ ಎಂದಿದ್ದರೆ ಇನ್ನೂ ಬಂದಿಲ್ಲ ಎಂದೇ ತಿಳಿಯಿರಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಪಾಠ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಹೊಸ ಕೋರ್ಸಿಗೆ ಅನುಮತಿ ಬರುವ ಮೊದಲೇ ಮಕ್ಕಳನ್ನು ಸೇರಿಸಿಕೊಂಡರು. ಕಾಗದ ಬರುವುದು ತಡವಾಯಿತು. ಪರೀಕ್ಷೆಗೆ ಹೆಸರು ನೋಂದಣಿ ಆಗಲಿಲ್ಲ. ಆ ಮಕ್ಕಳ ಆರು ತಿಂಗಳು ಹೋಯಿತು. ತಾಯಂದಿರು ನನ್ನ ಹತ್ತಿರ ಬಂದು, ಮೇಡಂ ನೀವಾದರೂ ಹೇಳಬಾರದಿತ್ತಾ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದಿನಿಂದ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಖಾಸಗಿ ವಿಶ್ವವಿದ್ಯಾಲಯವಾದರೆ ಅದರ ಹೆಸರು ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಯುಜಿಸಿಯ ಪಟ್ಟಿಯಲ್ಲಿ ಇರಬೇಕು. ಇಂಥ ವಿಶ್ವವಿದ್ಯಾಲಯಗಳು ಬೇರೆಯವರ ಕಾಲೇಜಿಗೆ ಅಫಿಲಿಯೇಶನ್ ಕೊಡುವಂತಿಲ್ಲ, ತಮ್ಮದೇ ಕ್ಯಾಂಪಸ್‌ನಲ್ಲಿ ಪಾಠ ಮಾಡಬೇಕು. ಕಾಲೇಜಿನ ಬೋರ್ಡಿನಲ್ಲಿ ಒಂದು ಹೆಸರು, ಡಿಗ್ರಿ ಕೊಡುವವರ ಹೆಸರು ಇನ್ನೊಂದು ಎಂದಾದರೆ ಹುಷಾರು.

2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗೆ ಅಂತಲೇ ಒಂದು ಕಾಯ್ದೆ ತಂದಿತು. ಅದಕ್ಕೂ ಮೊದಲು ಡಾಕ್ಟರಿಗೆ, ನರ್ಸಿಗೆ, ಫಾರ್ಮಸಿಸ್ಟಿಗೆ ಕೌನ್ಸಿಲ್ ಇತ್ತು. ಎಕ್ಸ್-ರೇ, ಡಯಾಲಿಸಿಸ್, ಆಪರೇಶನ್ ಥಿಯೇಟರ್ ಕೆಲಸದವರಿಗೆ ದೇಶಕ್ಕೆಲ್ಲ ಒಂದೇ ಅಳತೆ ಇರಲಿಲ್ಲ. ಈಗ ಯಾವ ಓದು ಎಷ್ಟು ಗಂಟೆ ಇರಬೇಕು ಎಂಬುದು ಕಾಯ್ದೆಯಲ್ಲೇ ಇದೆ. ಅಲೈಡ್ ಹೆಲ್ತ್ ವೃತ್ತಿಗೆ ಕನಿಷ್ಠ 2000 ಗಂಟೆ, ಹೆಲ್ತ್‌ಕೇರ್ ವೃತ್ತಿ ಎಂದು ಕರೆಯುವುದಕ್ಕೆ ಕನಿಷ್ಠ 3600 ಗಂಟೆ. ಓದಿದವರು ನೋಂದಣಿ ಮಾಡಿಸಿಕೊಳ್ಳಬೇಕು. ಈ ಕಾಯ್ದೆಯ ಕೆಳಗೆ ಮಾಡಿದ ಆಯೋಗ 2025ರಲ್ಲಿ ಇಮೇಜಿಂಗ್ ಸೇರಿ ಹಲವು ಕೋರ್ಸುಗಳಿಗೆ ಹೊಸ ಪಠ್ಯಕ್ರಮ ಪ್ರಕಟಿಸಿದೆ. ಅದೇ ವರ್ಷ ಯುಜಿಸಿ ಈ ಕಾಯ್ದೆಯ ಕೆಳಗೆ ಬರುವ ಕೋರ್ಸುಗಳನ್ನು ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ನಡೆಸಬೇಡಿ ಎಂದೂ ಹೇಳಿದೆ. ಹಾಗಾಗಿ ಎರಡನೇ ಪ್ರಶ್ನೆ: ನೀವು ಪಾಠ ಮಾಡುವುದು ಯಾವ ಪಠ್ಯಕ್ರಮ? ಸರ್ಟಿಫಿಕೇಟಿನಲ್ಲಿ ಡಿಗ್ರಿಯ ಹೆಸರು ನಿಖರವಾಗಿ ಏನೆಂದು ಬರುತ್ತದೆ? ಇದನ್ನು ಬರೆದುಕೊಡಲು ಹೇಳಿ. ಕೆಲಸಕ್ಕೆ ಅರ್ಜಿ ಹಾಕುವಾಗ ಒಂದು ಪದ ಆಚೀಚೆ ಆದರೂ ಗುಮಾಸ್ತರು ಪಕ್ಕಕ್ಕಿಡುತ್ತಾರೆ.

ಒಂದೇ ವರ್ಷ ಆರು ಡಿಗ್ರಿ ಯಾಕೆ ಶುರು ಮಾಡುತ್ತಾರೆ ಎಂದು ನಿಮಗೆ ಅನ್ನಿಸಿರಬಹುದು. ಬೇಡಿಕೆ ನಿಜವಾಗಿಯೂ ಇದೆ. ಡಯಾಲಿಸಿಸ್ ಸೆಂಟರುಗಳು ತಾಲೂಕು ಆಸ್ಪತ್ರೆಗೂ ಬಂದಿವೆ, ಸಿಟಿ ಯಂತ್ರಗಳು ಜಾಸ್ತಿಯಾಗಿವೆ, ಕೊರೋನಾ ಕಾಲದಲ್ಲಿ ಟೆಕ್ನಾಲಜಿಸ್ಟ್ ಇಲ್ಲದೆ ವೆಂಟಿಲೇಟರ್ ಸುಮ್ಮನೆ ನಿಂತದ್ದನ್ನೂ ನೋಡಿದ್ದೇವೆ. ಜನ ಬೇಕು, ನಿಜ. ಆದರೆ ಇನ್ನೊಂದು ಕಾರಣವೂ ಇದೆ. ಈ ಕೋರ್ಸುಗಳ ಮೊದಲ ವರ್ಷ ಹೆಚ್ಚುಕಡಿಮೆ ಒಂದೇ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಇಂಥವು. ನರ್ಸಿಂಗ್‌ಗೆ ಅಂತ ಮಾಡಿದ ಲ್ಯಾಬ್, ಇಟ್ಟುಕೊಂಡ ಮೇಷ್ಟ್ರು ಇದಕ್ಕೂ ಆಗುತ್ತದೆ. ಹಾಗಾಗಿ ಮೊದಲ ವರ್ಷ ನಡೆಸುವುದು ಸುಲಭ, ನೋಡಿದವರಿಗೂ ಎಲ್ಲ ಚೆನ್ನಾಗಿ ಕಾಣುತ್ತದೆ. ಕೊರತೆ ಗೊತ್ತಾಗುವುದು ಎರಡನೇ ವರ್ಷದ ಮೇಲೆ, ಮಕ್ಕಳು ಆಸ್ಪತ್ರೆಗೆ ಹೋಗಬೇಕಾದಾಗ. ಡಿಗ್ರಿಗಳನ್ನು ಕಾಗದದ ಮೇಲೆ ಹೆಚ್ಚಿಸಬಹುದು. ಆಸ್ಪತ್ರೆಯ ಹಾಸಿಗೆ, ಯಂತ್ರ, ರೋಗಿಗಳನ್ನು ಹಾಗೆ ಹೆಚ್ಚಿಸಲು ಆಗುವುದಿಲ್ಲ.

ನಿಮ್ಮ ಇಡೀ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಕಟ್ಟಡ ನೋಡಬೇಡಿ, ಮಗಳು ಮೂರನೇ ವರ್ಷದಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಯಾವ ಯಂತ್ರದ ಮುಂದೆ ನಿಂತಿರುತ್ತಾಳೆ ಎಂದು ಕೇಳಿ. ಒಂದು ಲೆಕ್ಕ ಹಾಕೋಣ. ಸಿಟಿ ಕನ್ಸೋಲ್ ಕೋಣೆ ಚಿಕ್ಕದು. ನಾಲ್ಕೈದು ಜನರ ಮೇಲೆ ನಿಂತರೆ ಯಾರಿಗೂ ಏನೂ ಕಾಣುವುದಿಲ್ಲ. ಒಂದು ಬ್ಯಾಚ್‌ಗೆ 40 ಮಕ್ಕಳು ಎಂದರೆ ಎರಡನೇ, ಮೂರನೇ ವರ್ಷದವರು, ಇಂಟರ್ನ್‌ಗಳು ಸೇರಿ 120 ಜನ. ಆಸ್ಪತ್ರೆಯಲ್ಲಿ ಇರುವುದು ಒಂದು ಸಿಟಿ, ಒಂದು ಎಂಆರ್‌ಐ. ಅದೇ ಆಸ್ಪತ್ರೆಗೆ ಇನ್ನೆರಡು ಕಾಲೇಜಿನ ಮಕ್ಕಳೂ ಬರುತ್ತಾರೆ. ಆಗ ಏನಾಗುತ್ತದೆ ಗೊತ್ತಾ? ಮಕ್ಕಳು ಕಾರಿಡಾರಿನಲ್ಲಿ ಗಾಲಿಕುರ್ಚಿ ತಳ್ಳುತ್ತಾ, ಫಿಲ್ಮ್ ಕವರಿಗೆ ಹೆಸರು ಬರೆಯುತ್ತಾ ವರ್ಷ ಕಳೆಯುತ್ತಾರೆ. ಪರೀಕ್ಷೆಯಲ್ಲಿ ಪಾಸಾಗುತ್ತಾರೆ. ಇಂಟರ್ವ್ಯೂನಲ್ಲಿ ಒಂದು ಎದೆ ಎಕ್ಸ್-ರೇಗೆ ರೋಗಿಯನ್ನು ನಿಲ್ಲಿಸು ಎಂದರೆ ಕೈ ನಡುಗುತ್ತದೆ. ಇಂಥವರನ್ನು ನಾನೇ ಇಂಟರ್ವ್ಯೂ ಮಾಡಿದ್ದೇನೆ. ಬುದ್ಧಿವಂತ ಮಕ್ಕಳೇ. ಯಾರೂ ಕೈಗೆ ಯಂತ್ರ ಕೊಟ್ಟಿರಲಿಲ್ಲ, ಅಷ್ಟೇ.

ಆದ್ದರಿಂದ ಕಾಲೇಜಿಗೆ ತಮ್ಮದೇ ಆಸ್ಪತ್ರೆ ಇದೆಯಾ ಕೇಳಿ. ಇಲ್ಲದಿದ್ದರೆ ಯಾವ ಆಸ್ಪತ್ರೆ ಜೊತೆ ಒಪ್ಪಂದ ಆಗಿದೆ, ಅದು ಎಂದಿನವರೆಗೆ ಇದೆ ಎಂದು ಕೇಳಿ. ನಿಮ್ಮ ಮಗಳ ಓದು ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಒಪ್ಪಂದ ಮುಂದಿನ ಮಾರ್ಚ್‌ಗೆ ಮುಗಿಯುತ್ತದೆ ಎಂದರೆ ಪ್ರಯೋಜನ ಏನು? ಇಂಟರ್ನ್‌ಶಿಪ್ ಜಾಗ ಕಾಲೇಜು ಕೊಡುತ್ತದಾ, ನೀವೇ ಹುಡುಕಿಕೊಳ್ಳಿ ಅನ್ನುತ್ತಾರಾ? ಆ ವರ್ಷವೂ ಫೀಸು ಇದೆಯಾ, ಸ್ಟೈಪೆಂಡ್ ಇದೆಯಾ? ಇಮೇಜಿಂಗ್ ಪಾಠಕ್ಕೆ ಅದೇ ವಿಷಯದಲ್ಲಿ ಎಂಎಸ್ಸಿ ಮಾಡಿದವರು ಕೆಲಸಕ್ಕೆ ಸೇರಿದ್ದಾರಾ, ಇನ್ನು ಮುಂದೆ ಸೇರುತ್ತಾರಾ?

ಉತ್ತರ ಏನೇ ಬರಲಿ, ಒಂದು ದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಅವರು ಹೇಳಿದ ಆಸ್ಪತ್ರೆಗೇ ಹೋಗಿ. ರೇಡಿಯಾಲಜಿ ವಿಭಾಗದ ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕೂರಿ. ಎಷ್ಟು ರೋಗಿಗಳು ಬಂದರು, ಎಷ್ಟು ವಿದ್ಯಾರ್ಥಿಗಳು ನಿಂತಿದ್ದಾರೆ, ಅವರ ಎದೆ ಮೇಲೆ ಬ್ಯಾಡ್ಜ್ ಇದೆಯಾ ನೋಡಿ. ಆಮೇಲೆ ಆ ಕಾಲೇಜಿನ ಎರಡನೇ ವರ್ಷದ ನರ್ಸಿಂಗ್ ಹುಡುಗಿಯರನ್ನು ಬಸ್ ಸ್ಟಾಪಿನಲ್ಲಿ ಮಾತಾಡಿಸಿ. ವಾರದಲ್ಲಿ ಎಷ್ಟು ದಿನ ವಾರ್ಡಿಗೆ ಹೋಗುತ್ತೀರಮ್ಮಾ ಎಂದು ಕೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.

ಕೆಲಸದ ವಿಷಯ. ಕೆಲಸ ಸಿಗುತ್ತದೆ, ಬೆಂಗಳೂರಿನಲ್ಲಿ ಆಸ್ಪತ್ರೆ, ಡಯಾಗ್ನೊಸ್ಟಿಕ್ ಸೆಂಟರುಗಳಿಗೆ ಕೊರತೆ ಇಲ್ಲ. ಆದರೆ ಮೊದಲ ಸಂಬಳ ಚಿಕ್ಕದು. ಡಿಗ್ರಿಯವರಿಗೂ ಡಿಪ್ಲೊಮಾದವರಿಗೂ ಶುರುವಿನಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಎಂಆರ್‌ಐ, ಕ್ಯಾತ್‌ಲ್ಯಾಬ್ ಕಲಿತು ಎರಡು ಮೂರು ವರ್ಷ ಆದ ಮೇಲೆ ಅಂತರ ಕಾಣುತ್ತದೆ. ರಾತ್ರಿ ಪಾಳಿ ಇರುತ್ತದೆ, ಅದನ್ನೂ ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎಂದು ಫೋನಿನಲ್ಲಿ ಹೇಳುತ್ತಿದ್ದಾರಾ? ಇಮೇಜಿಂಗ್‌ನಲ್ಲಿ ಒಂದು ಬ್ಯಾಚ್ ಕೂಡ ಹೊರಗೆ ಬಂದಿಲ್ಲ. ಹಾಗಿರುವಾಗ ಪ್ಲೇಸ್‌ಮೆಂಟ್ ಎಲ್ಲಿಂದ ಬಂತು?

ಇನ್ನು ನಿಮ್ಮ ಮುಂದಿರುವ ದಾರಿಗಳು. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಇದೇ ಕೋರ್ಸನ್ನು ಹಲವು ವರ್ಷಗಳಿಂದ ನಡೆಸುತ್ತಿರುವ ಕಡೆ ವಿಚಾರಿಸುತ್ತಿದ್ದೆ. ವಿಕ್ಟೋರಿಯಾ ಆಸ್ಪತ್ರೆ ಇರುವ ಬೆಂಗಳೂರು ಮೆಡಿಕಲ್ ಕಾಲೇಜು, ಜಯದೇವ, ಕಿದ್ವಾಯಿ, ನಿಮ್ಹಾನ್ಸ್ ಇಲ್ಲೆಲ್ಲ ಅಲೈಡ್ ಹೆಲ್ತ್ ಕೋರ್ಸುಗಳಿವೆ. ಒಂದೊಂದು ಕಡೆ ಒಂದೊಂದು ಕೋರ್ಸ್. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಆದರೆ ಫೀಸು ಕಡಿಮೆ, ರೋಗಿಗಳಿಗಂತೂ ಬರ ಇಲ್ಲ. ಕಟ್ಟಡ ಹಳೆಯದಾಗಿರಬಹುದು, ಕೈ ಮಾತ್ರ ಪಳಗುತ್ತದೆ. ಪ್ರವೇಶದ ನಿಯಮ ವರ್ಷ ವರ್ಷ ಬದಲಾಗುತ್ತಿದೆ, ಹಾಗಾಗಿ ಆಯಾ ಸಂಸ್ಥೆಯ ಮತ್ತು ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರದ ಈ ವರ್ಷದ ಪ್ರಕಟಣೆಯನ್ನೇ ನೋಡಿ, ಹೋದ ವರ್ಷದವರ ಮಾತು ನಂಬಬೇಡಿ.

ಹೊಸ ಕಾಲೇಜನ್ನು ಪೂರ್ತಿ ಬಿಡಿ ಎಂದೂ ಹೇಳುವುದಿಲ್ಲ. ಮೊದಲ ಬ್ಯಾಚಿಗೆ ಒಂದು ಲಾಭವೂ ಇದೆ. ಸೀನಿಯರ್‌ಗಳು ಇಲ್ಲದ್ದರಿಂದ ಯಂತ್ರದ ಹತ್ತಿರ ಜಾಗ ಸಿಗುತ್ತದೆ. ಒಳ್ಳೆಯ ಆಸ್ಪತ್ರೆ, ಒಬ್ಬ ಒಳ್ಳೆಯ ಟೀಚರ್ ಇದ್ದರೆ ಮೊದಲ ಬ್ಯಾಚ್ ಚೆನ್ನಾಗಿ ಬೆಳೆದದ್ದನ್ನೂ ಕಂಡಿದ್ದೇನೆ. ಆದರೆ ಎಲ್ಲ ತಪ್ಪುಗಳೂ ಮೊದಲ ಬ್ಯಾಚಿನ ಮೇಲೇ ಆಗುತ್ತವೆ. ಅಫಿಲಿಯೇಶನ್ ಆದೇಶ ಮತ್ತು ಆಸ್ಪತ್ರೆ ಒಪ್ಪಂದ, ಇವೆರಡೂ ಕೈಯಲ್ಲಿ ಇದ್ದರೆ ಯೋಚಿಸಿ. ಒಂದು ಇಲ್ಲದಿದ್ದರೂ ಬೇಡ.

ಡಿಪ್ಲೊಮಾ ಕೀಳು ಎಂದುಕೊಳ್ಳಬೇಡಿ. ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್ ನಡೆಸುವ ಡಿಪ್ಲೊಮಾ ಮಾಡಿ ಮನೆ ನಡೆಸುತ್ತಿರುವವರು ನನಗೆ ಬಹಳ ಜನ ಗೊತ್ತು. ಖರ್ಚು ಕಡಿಮೆ, ಬೇಗ ಸಂಪಾದನೆ. ಆದರೆ ಮುಂದೆ ಎಂಎಸ್ಸಿ ಮಾಡಬೇಕು, ಪಾಠ ಮಾಡಬೇಕು, ವಿದೇಶಕ್ಕೆ ಹೋಗಬೇಕು ಎಂದರೆ ಡಿಗ್ರಿ ಬೇಕಾಗುತ್ತದೆ. 81 ಪರ್ಸೆಂಟ್ ತೆಗೆದ ಹುಡುಗಿ, ಅವಳಿಗೇ ಇಷ್ಟ ಇದೆ, ಮನೆಯ ಕೈ ತೀರಾ ಕಟ್ಟಿಹಾಕಿಲ್ಲ ಎಂದರೆ ನಾನು ಡಿಗ್ರಿ ಕಡೆಗೇ ವಾಲುತ್ತೇನೆ.

ಮತ್ತೆ ನೀಟ್? ಅದು ಮಗಳ ಆಸೆಯಾಗಿದ್ದರೆ ಮಾತ್ರ. ನಿಮ್ಮ ಪತ್ರದಲ್ಲಿ ಅವಳು ಕೇಳಿದ್ದು ಸ್ಕ್ಯಾನಿಂಗ್ ಕೋರ್ಸ್, ಡಾಕ್ಟರ್ ಆಗಬೇಕು ಎಂದಲ್ಲ. ಬೇರೆಯವರ ಆಸೆಗೆ ಒಂದು ವರ್ಷ ಕೋಣೆಯಲ್ಲಿ ಕೂರಿಸಬೇಡಿ.

ಕೊನೆಗೆ ಆ 25 ಸಾವಿರ. ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬೇಡ ಎಂದರೆ ಸಣ್ಣ ಪ್ರೊಸೆಸಿಂಗ್ ಫೀ ಬಿಟ್ಟು ಪೂರ್ತಿ ಹಣ ವಾಪಸ್ ಕೊಡಬೇಕು. ಅದಾದ ಮೇಲೆ ಕೊನೆಯ ದಿನದವರೆಗೆ 90 ಪರ್ಸೆಂಟ್. ಕೊನೆಯ ದಿನ ಕಳೆದು 15 ದಿನದೊಳಗೆ 80, 30 ದಿನದೊಳಗೆ 50. ಅದು ದಾಟಿದರೆ ಏನೂ ಇಲ್ಲ. ಹಾಗಾಗಿ ಕಟ್ಟುವುದಾದರೆ ರಸೀದಿ ಇಲ್ಲದೆ ಕಟ್ಟಬೇಡಿ, ಯಾರದೋ ಸ್ವಂತ ಫೋನ್‌ಪೇ ನಂಬರಿಗಂತೂ ಹಾಕಲೇಬೇಡಿ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಪರಿಶೀಲನೆಗೆ ತೋರಿಸಿ, ಅಲ್ಲೇ ವಾಪಸ್ ತೆಗೆದುಕೊಳ್ಳಿ. ಅದನ್ನು ಇಟ್ಟುಕೊಳ್ಳುವ ಹಕ್ಕು ಕಾಲೇಜಿಗಿಲ್ಲ. ಸಾಲ ಮಾಡುವ ಯೋಚನೆ ಇದ್ದರೆ ಮೊದಲು ನಿಮ್ಮ ಬ್ಯಾಂಕಿಗೆ ಹೋಗಿ ಕಾಲೇಜಿನ ಹೆಸರು, ಕೋರ್ಸಿನ ಹೆಸರು ಹೇಳಿ. 4 ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುವುದಿಲ್ಲ, ಆದರೆ ಅನುಮೋದನೆಯ ಕಾಗದ ಕೇಳುತ್ತಾರೆ. ಬ್ಯಾಂಕಿಗೆ ತೋರಿಸಲು ಕಾಗದ ಇಲ್ಲದ ಕಾಲೇಜು ನಿಮ್ಮ ಹತ್ತಿರ ಮಾತ್ರ ಯಾಕೆ ದುಡ್ಡು ಕೇಳಬೇಕು? ಈ ಕೋರ್ಸಿಗೆ ರಾಜ್ಯದ ಎಸ್ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಹಾಕಲು ಆಗುತ್ತದಾ ಎಂದೂ ಕಾಲೇಜಿನವರನ್ನೇ ಕೇಳಿ.

ನಾಳೆ ಫೋನ್ ಬಂದಾಗ ಹೀಗೆ ಹೇಳಿ: ಈ ವರ್ಷದ ಇಮೇಜಿಂಗ್ ಕೋರ್ಸಿನ ಅಫಿಲಿಯೇಶನ್ ಆದೇಶ, ಆಸ್ಪತ್ರೆ ಒಪ್ಪಂದ ಎರಡನ್ನೂ ವಾಟ್ಸಾಪ್ ಮಾಡಿ, ನೋಡಿ ಹೇಳುತ್ತೇವೆ. ಕಳಿಸಿದರೆ ಅದರ ಪ್ರತಿಯನ್ನು ನನಗೂ ಕಳಿಸಿ. ಪೂರ್ತಿ ಓದಿ ಉತ್ತರ ಬರೆಯುತ್ತೇನೆ. ಅಲ್ಲಿಯವರೆಗೆ 25 ಸಾವಿರ ನಿಮ್ಮ ಖಾತೆಯಲ್ಲೇ ಇರಲಿ.